ಕಾಲು ತೊಳೆದವನ ಶಿಷ್ಯರೆಲ್ಲಿ?



ಊರಿಗಾಂ ಲೈನುಗಳ ನಾವು ಪಾತಾಳಕ್ಕಿಳಿದು ಚಿನ್ನ ತೆಗೆದವರ ಮಕ್ಕಳು. ಕಲ್ಲುಧೂಳು ಕುಡಿದು ನಮ್ಮವರ ಎದೆಗೂಡು ಸವೆಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದರು. ಜಾತಿಯನ್ನು ಮುಚ್ಚಿದವರು ಯಾರೂ ಇಲ್ಲ.

ಏಸುವಿನ ಹತ್ರ ಜಾತಿ ಇಲ್ಲ ಅಂತ ನಂಬಿ ನಮ್ಮ ಜನ ಚರ್ಚಿನ ಮೆಟ್ಟಿಲು ಹತ್ತಿದರು. ಆಮೇಲೇನಾಯ್ತು? ನಮ್ಮ ತಾತಂದಿರು ಬಂದ ತಮಿಳು ಸೀಮೆಯಲ್ಲೇ, ತಿರುಚ್ಚಿಯ ಮೇಲಪುದೂರು ಸ್ಮಶಾನದಲ್ಲಿ, ಕ್ರೈಸ್ತರ ಹೆಣಗಳ ನಡುವೆ ಜಾತಿಗೋಡೆ ಎದ್ದಿತು! ಸಭೆಯೊಳಗೆ ಅಸ್ಪೃಶ್ಯತೆ ಇದೆ ಎಂದು ಕಥೋಲಿಕ ಬಿಷಪರುಗಳೇ 2016ರಲ್ಲಿ ಬರೆದು ಒಪ್ಪಿಕೊಂಡರು.

ಸರ್ಕಾರವೇನು ಕಮ್ಮಿಯೇ? 1950ರ ರಾಷ್ಟ್ರಪತಿ ಆದೇಶ ಹಿಂದೂಗಳನ್ನಷ್ಟೇ ಪರಿಶಿಷ್ಟ ಜಾತಿ ಎಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಏಸುವನ್ನು ನಂಬಿದ ದಲಿತನನ್ನು ಮಾತ್ರ ಬಾಗಿಲಾಚೆಯೇ ನಿಲ್ಲಿಸಿದರು.

ಏಸು ಬಡಗಿ. ಕುಷ್ಠರೋಗಿಯನ್ನು ಮುಟ್ಟಿದವನು, ಶಿಷ್ಯರ ಕಾಲು ತೊಳೆದವನು. ವರ್ಷಕ್ಕೊಂದು ಗುರುವಾರ ಕಾಲು ತೊಳೆಯೋದು, ಹೆಣ್ಣು ಕೊಡುವಾಗ ಜಾತಿ ಕೇಳೋದು: ಇದು ಯಾವ ಸೀಮೆ ಭಕ್ತಿ ಸ್ವಾಮಿ?

ಫಾದರುಗಳೇ, ಪಾಸ್ಟರುಗಳೇ, ಮೇಲ್ಜಾತಿ ಕ್ರೈಸ್ತರೇ, ಕೇಳಿ. ಜಾತಿ ಬಿಟ್ಟು ನಮ್ಮ ಜೊತೆ ಉಣ್ಣಿ, ನಮ್ಮ ಜೊತೆ ನೆಂಟಸ್ತನ ಮಾಡಿ. ದಲಿತ ಕ್ರೈಸ್ತರ ಹಕ್ಕಿಗಾಗಿ ಬೀದಿಗಿಳಿಯಿರಿ. ಆಗ ನಿಮ್ಮನ್ನು ಏಸುವಿನ ಶಿಷ್ಯರು ಅಂತ ನಾವೇ ಕರೀತೀವಿ.