ದುಬೈಯಿಂದ ಹೆಡ್‌ಲೈಟ್ ತರಿಸುವ ಮುನ್ನ ಲೆಕ್ಕ ಹಾಕಿ

ಮಂಗಳೂರು: ಶೆವ್ರೊಲೆ 2017ರ ಕೊನೆಗೆ ದೇಶದಲ್ಲಿ ಕಾರು ಮಾರಾಟ ನಿಲ್ಲಿಸಿತು. ಅಂಥ ಹಳೇ ಗಾಡಿ ಇಟ್ಕೊಂಡವರಿಗೆ ಪಾರ್ಟ್ಸ್ ಸಿಗದಾಗ ನೆನಪಾಗೋದು ಗಲ್ಫ್‌ನಲ್ಲಿರುವ ನೆಂಟರು. ಆದರೆ ಅಲ್ಲಿ ವಾಹನ ಓಡೋದು ರಸ್ತೆಯ ಬಲಗಡೆ. ಅಲ್ಲಿನ ಹೆಡ್‌ಲೈಟ್ ಇಲ್ಲಿ ಹಾಕಿದರೆ ಬೆಳಕು ಎದುರಿನಿಂದ ಬರುವವರ ಕಣ್ಣಿಗೇ ಹೊಡೆಯುತ್ತೆ. ಸ್ಟೇರಿಂಗ್ ರ‍್ಯಾಕ್ ಕೂರೋದೇ ಇಲ್ಲ. ಫಿಲ್ಟರ್, ಬೇರಿಂಗ್‌ಗೆ ಈ ತೊಡಕಿಲ್ಲ, ಪಾರ್ಟ್ ನಂಬರ್ ಹೊಂದಿದರೆ ಸಾಕು.

ಖರ್ಚಿನ ಮಾತು ಬೇರೆ. ಕಸ್ಟಮ್ಸ್ ಸುಂಕ ಬೀಳೋದು ಬರೀ ಬಿಲ್ ಮೇಲಲ್ಲ, ಸಾಗಣೆ, ವಿಮೆ ಸೇರಿದ ಮೊತ್ತದ ಮೇಲೆ. ಸುಂಕವೂ ಸೇರಿದ ಮೊತ್ತಕ್ಕೆ ಮತ್ತೆ ಐಜಿಎಸ್‌ಟಿ. ಬಂಪರ್ ಹಗುರವಾದರೂ ಕೊರಿಯರ್‌ನವರು ಪೆಟ್ಟಿಗೆಯ ಗಾತ್ರ ನೋಡಿ ದರ ಹಾಕ್ತಾರೆ. ‘ಗಿಫ್ಟ್’ ಅಂತ ಬರೆದರೆ ಸುಂಕ ತಪ್ಪುತ್ತೆ ಅನ್ನೋದು ಹಳೇ ಮಾತು. ಆ ದಾರಿ 2019ರ ಡಿಸೆಂಬರ್‌ನಲ್ಲೇ ಮುಚ್ಚಿದೆ.