ಗದ್ದಲವನ್ನು ಕ್ಷಮಿಸುತ್ತಾರೆ, ಅಸಡ್ಡೆಯನ್ನಲ್ಲ

ಲೇಖನ ಬರೆದು ಅಭ್ಯಾಸವಿದ್ದವನಲ್ಲ ನಾನು. ಹಗಲು ಹೊಟೇಲಿನ ಕೆಲಸ, ಸಂಜೆ ಕನ್ನಡ ರಾತ್ರಿಶಾಲೆ ಎಂದು ಹೇಗೋ ಹತ್ತನೆಯ ತರಗತಿ ಮುಗಿಸಿದವನು. ಆದರೆ ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ವಿ.ಟಿ. ಸ್ಟೇಷನ್ನಿನ ಹತ್ತಿರ ಗಲ್ಲಾದಲ್ಲಿ ಕುಳಿತು, ಮುಂಬಯಿಗೆ ಬಂದಿಳಿಯುವವರ ಮುಖವನ್ನೂ ಮುಂಬಯಿ ನೋಡಿ ಹೊರಟವರ ಮುಖವನ್ನೂ ಕಂಡಿದ್ದೇನೆ. ಸ್ಟೇಷನ್ನಿಗೆ ಈಗ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಎಂದು ಹೆಸರು. ನಮ್ಮಂಥ ಹಳಬರ ಬಾಯಲ್ಲಿ ಮಾತ್ರ ಇನ್ನೂ ವಿ.ಟಿ.ಯೇ. ಆ ಅನುಭವದ ಮೇಲೆ ನಾಲ್ಕು ಮಾತು ಬರೆಯುತ್ತೇನೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಬಿಲ್ ಕೊಡಲು ಬಂದ ಪ್ರವಾಸಿಗಳನ್ನು "ಹೇಗಾಯಿತು ನಮ್ಮ ಮುಂಬಯಿ?" ಎಂದು ಕೇಳುವುದು ನನ್ನ ಅಭ್ಯಾಸ. ಉತ್ತರ ಎರಡೇ ಬಗೆ. "ಇಂಥ ಊರು ಇನ್ನೊಂದಿಲ್ಲ" ಎನ್ನುವವರು ಕೆಲವರು. "ಸಾಕಪ್ಪಾ ಸಾಕು, ಇನ್ನು ಈ ಕಡೆ ತಲೆ ಹಾಕುವುದಿಲ್ಲ" ಎನ್ನುವವರು ಕೆಲವರು. "ಪರವಾಗಿಲ್ಲ" ಎಂದವರನ್ನು ನಾನು ಕಂಡದ್ದು ಬಹಳ ಕಡಿಮೆ. ಒಂದೇ ಊರು, ಅದೇ ಗೇಟ್‌ವೇ, ಅದೇ ಲೋಕಲ್ ರೈಲು. ಹೀಗಿರುವಾಗ ಒಬ್ಬರಿಗೆ ಪ್ರೀತಿ, ಇನ್ನೊಬ್ಬರಿಗೆ ವಾಕರಿಕೆ ಯಾಕೆ? ಈ ಪ್ರಶ್ನೆಗೆ ನನ್ನ ಹೊಟೇಲಿನಲ್ಲೇ ನಡೆದ ಎರಡು ಪ್ರಸಂಗಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು 2005ರ ಜುಲೈ 26. ಆ ದಿನವನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ನಮ್ಮ ಫೋರ್ಟ್ ಕಡೆ ಅಷ್ಟು ಮಳೆಯೇ ಇರಲಿಲ್ಲ. ಆದರೆ ರೈಲು ನಿಂತ ಮೇಲೆ ಸ್ಟೇಷನ್ನಿನಲ್ಲಿ ಕಾಲಿಡಲು ಜಾಗವಿಲ್ಲ. ಆ ರಾತ್ರಿ ನಾವು ಶಟರ್ ಎಳೆಯಲಿಲ್ಲ. ದೋಸೆ ಹಿಟ್ಟು ಮುಗಿಯಿತು, ತರಕಾರಿ ಮುಗಿಯಿತು, ಕೊನೆಗೆ ಅನ್ನ ಮತ್ತು ದಾಲ್ ಅಷ್ಟೇ. ದುಡ್ಡು ಕೊಟ್ಟವರಿಂದ ತೆಗೆದುಕೊಂಡೆವು, ಕೊಡದವರನ್ನು ಕೇಳಲಿಲ್ಲ. ಗುಲ್ಬರ್ಗ ಕಡೆಯ ಒಬ್ಬ ಮೇಷ್ಟ್ರು, ಹೆಂಡತಿ ಮತ್ತು ಇಬ್ಬರು ಮಕ್ಕಳ ಸಮೇತ ಬಂದಿದ್ದರು. ಊರಿಗೆ ಹೋಗುವ ರೈಲು ಹೊರಡುವ ಲಕ್ಷಣ ಇರಲಿಲ್ಲ. ಎರಡು ಟೇಬಲ್ ಜೋಡಿಸಿ ಮಕ್ಕಳನ್ನು ಮಲಗಿಸಿದೆವು. ಶೌಚಾಲಯಕ್ಕೆ ಬೆಳಗಿನವರೆಗೂ ಸಾಲು. ನಮ್ಮ ಮೋರಿಯ ಹುಡುಗ ನಿದ್ದೆಗೆಟ್ಟು ಮೂರು ಸಲ ಫಿನಾಯಿಲ್ ಹಾಕಿ ತೊಳೆದ.

ಆ ಮೇಷ್ಟ್ರು ಆ ಸಲ ಮುಂಬಯಿಯಲ್ಲಿ ನೋಡಬೇಕೆಂದಿದ್ದ ಅರ್ಧ ಜಾಗಗಳನ್ನೂ ನೋಡಲಿಲ್ಲ. ಆದರೂ ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಾರೆ. ಒಮ್ಮೆ ಅಣ್ಣನ ಮನೆಯವರನ್ನು ಕರೆತಂದರು, ಇನ್ನೊಮ್ಮೆ ಶಾಲೆಯ ಜೊತೆಗಾರರನ್ನು. "ಶೆಟ್ರ, ಮುಂಬಯಿ ಮಂದಿ ಬಂಗಾರದಂಥವರು ನೋಡ್ರಿ" ಎನ್ನುತ್ತಾರೆ. (ಉಡುಪಿ ಹೊಟೇಲಿನ ಗಲ್ಲಾದಲ್ಲಿ ಕುಳಿತವರೆಲ್ಲ ಶೆಟ್ರೇ ಎಂದು ತಿಳಿದವರು ಅವರು, ನಾನು ತಿದ್ದಲು ಹೋಗಿಲ್ಲ.) ಮುಂಬಯಿಯ ಅತಿ ಕೆಟ್ಟ ದಿನವನ್ನು ನೋಡಿದ ಮನುಷ್ಯ ಮುಂಬಯಿಯನ್ನು ಹೊಗಳುತ್ತಾರೆ!

ಎರಡನೆಯದು 2022ರ ಡಿಸೆಂಬರ್. ಒಳ್ಳೆಯ ಹವೆ, ಬೆವರಿಲ್ಲ, ಮಳೆಯಿಲ್ಲ. ಮುಂಬಯಿ ನೋಡಲು ಅದಕ್ಕಿಂತ ಒಳ್ಳೆಯ ಕಾಲ ಇಲ್ಲ. ಒಂದು ಸೋಮವಾರ ಮಧ್ಯಾಹ್ನ ಹುಬ್ಬಳ್ಳಿಯ ಕುಟುಂಬವೊಂದು ಬಂತು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಬಾಗಿಲಲ್ಲಿ ಕೃಷ್ಣನ ಪಟದ ಕೆಳಗೆ ಕನ್ನಡದಲ್ಲಿ 'ಸುಸ್ವಾಗತ' ಎಂದು ಬರೆಸಿದ್ದೇನೆ, ಅದನ್ನು ನೋಡಿ ಒಳಗೆ ಬಂದವರು. ಬಂದವರೇ ತಾಯಿಗಾಗಿ ಶೌಚಾಲಯ ಕೇಳಿದರು. ನಮ್ಮ ಮ್ಯಾನೇಜರ್ "ಮೊದಲು ಆರ್ಡರ್ ಕೊಡಿ, ಆಮೇಲೆ ಕೀಲಿ" ಎಂದ. ಕೊರೊನಾ ಕಳೆದು ಹೊಟೇಲು ತೆರೆದ ಮೇಲೆ ಆ ನಿಯಮ ಮಾಡಿದವನು ನಾನೇ. ನಾನು ನೋಟು ಎಣಿಸುತ್ತಿದ್ದೆ, ಕಿವಿಗೆ ಬಿತ್ತು, ತಲೆ ಎತ್ತಲಿಲ್ಲ. ಅವರು ಕುಳಿತು ಆರ್ಡರ್ ಕೊಟ್ಟ ಮೇಲೆ ಕೀಲಿ ಸಿಕ್ಕಿತು. ಹೊರಗೆ ಗಿರಾಕಿಗಳು ಕಾಯುತ್ತಿದ್ದುದರಿಂದ ಕಾಫಿ ಮುಗಿಯುವ ಮೊದಲೇ ವೇಟರ್ ಬಿಲ್ ತಂದಿಟ್ಟ.

ಗಲ್ಲಾದಲ್ಲಿ ನಾನು ಎಂದಿನಂತೆ "ಹೇಗಾಯಿತು ಮುಂಬಯಿ?" ಎಂದೆ. ಮಗ ಹೇಳಿದರು: "ಸ್ಟೇಷನ್ನಿನಿಂದ ಗೇಟ್‌ವೇಗೆ ಟ್ಯಾಕ್ಸಿಯವ ಐದುನೂರು ತೊಗೊಂಡ. ಅಲ್ಲಿ ಹೋದ್ರ ಇವತ್ತು ಎಲಿಫೆಂಟಾ ಬಂದ್ ಅಂದ್ರು. ನಿಮ್ಮಲ್ಲಿ ಕನ್ನಡ ನೋಡಿ ನಮ್ಮವರು ಅಂತ ಒಳಗ ಬಂದ್ವಿ. ಅವ್ವಗ ಶುಗರ್ ಐತ್ರಿ, ತಡಕೊಳ್ಳಾಕ ಆಗೂದಿಲ್ಲ. ಮುಂಬಯಿಗೆ ಇನ್ನ ಬರೂದಿಲ್ಲ ಬಿಡ್ರಿ." ಆ ತಾಯಿ ಮಗನ ತೋಳು ಹಿಡಿದು, "ಇರ್ಲಿ ಬಿಡೋ, ಅವರದೂ ಧಂದೆ ಐತಿ" ಎಂದರು. ಮಗನ ಮಾತಿಗಿಂತ ತಾಯಿಯ ಆ ಮಾತು ನನಗೆ ಹೆಚ್ಚು ಚುಚ್ಚಿತು. ಚಿಲ್ಲರೆ ಎಣಿಸಿ ಕೊಟ್ಟೆ. ಬೇರೆ ಮಾತು ಬರಲಿಲ್ಲ.

ಈಗ ನೀವೇ ಯೋಚಿಸಿ. ಎರಡೂ ನಡೆದದ್ದು ಒಂದೇ ಹೊಟೇಲಿನಲ್ಲಿ. ಊರು ಮುಳುಗಿದ ದಿನ ಬಂದವರು ಮುಂಬಯಿಯ ಮಿತ್ರರಾದರು, ಹಿತವಾದ ದಿನ ಬಂದವರು ಮುಂಬಯಿಗೆ ಕೈ ಮುಗಿದು ಹೋದರು.

ಇಷ್ಟು ವರ್ಷ ಕೇಳಿದ ಉತ್ತರಗಳನ್ನು ಒಟ್ಟು ಹಾಕಿ ನೋಡಿದೆ. ಮುಂಬಯಿಯನ್ನು ದೂರುವವರು ಹೇಳುವುದು: ಜನಜಂಗುಳಿ, ಸೆಕೆ, ವಾಸನೆ, ಚಿಕ್ಕ ರೂಮಿಗೆ ದೊಡ್ಡ ಬಾಡಿಗೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದರಲ್ಲೇ ದಿನ ಮುಗಿಯುವುದು, ಹೆಂಗಸರಿಗೆ ಶೌಚಾಲಯ ಸಿಗದಿರುವುದು. ಮೆಚ್ಚುವವರು ಹೇಳುವುದು: ಸಮುದ್ರ, ಹಳೆಯ ಕಟ್ಟಡಗಳು, ರಾತ್ರಿ ಹನ್ನೊಂದಕ್ಕೂ ಸಿಗುವ ಬಿಸಿ ತಿಂಡಿ, ತಡರಾತ್ರಿಯಲ್ಲೂ ಓಡಾಡುವ ಹೆಂಗಸರು, ಮತ್ತೆ ಅದೇ ಜನಜಂಗುಳಿ! ಹೌದು, ಎರಡೂ ಪಟ್ಟಿಯಲ್ಲಿ ಜನಜಂಗುಳಿ ಇದೆ. ಒಬ್ಬರು "ರೈಲಿನಲ್ಲಿ ಉಸಿರು ಕಟ್ಟಿತು" ಎನ್ನುತ್ತಾರೆ. ಇನ್ನೊಬ್ಬರು "ಅಷ್ಟು ಜನರ ನಡುವೆ ಯಾರೋ ಸರಿದು ನನಗೆ ನಾಲ್ಕನೇ ಸೀಟು ಕೊಟ್ಟರು" ಎನ್ನುತ್ತಾರೆ. ಲೋಕಲಿನಲ್ಲಿ ಮೂವರು ಕೂರುವ ಸೀಟಿನಲ್ಲಿ ನಾಲ್ಕನೆಯವರಿಗೆ ಜಾಗ ಮಾಡುವುದು ನಮಗೆಲ್ಲ ಗೊತ್ತಿರುವ ಪದ್ಧತಿ. ನಮಗೆ ಅದು ವಿಶೇಷವಲ್ಲ. ಹೊರಗಿನವರು ಊರಿಗೆ ಹೋಗಿ ಹತ್ತು ಜನರಿಗೆ ಹೇಳುವುದು ಅದನ್ನೇ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಪ್ರವಾಸಿಗಳು ಗದ್ದಲವನ್ನು ಕ್ಷಮಿಸುತ್ತಾರೆ. ಮುಂಬಯಿಯಲ್ಲಿ ಗದ್ದಲ ಇರುತ್ತದೆಂದು ತಿಳಿದೇ ಬಂದಿರುತ್ತಾರೆ. ಕ್ಷಮಿಸದಿರುವುದು ಎರಡನ್ನು: ಗೊತ್ತಿಲ್ಲದವರೆಂದು ಮಾಡುವ ಮೋಸವನ್ನು ಮತ್ತು ಯಾರೋ ಹೊರಗಿನವರೆಂದು ತೋರಿಸುವ ಅಸಡ್ಡೆಯನ್ನು.

ಮಾಟುಂಗದಲ್ಲಿ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ನಮ್ಮೆಲ್ಲರಿಗೂ ಗೊತ್ತು. ಅಲ್ಲಿಯ ಊಟಕ್ಕೆ ಜನ ಸರದಿಯಲ್ಲಿ ನಿಲ್ಲುತ್ತಾರೆ. ಒಳಗೆ ಗಲಾಟೆ ಕಡಿಮೆಯೇನಲ್ಲ. ಆದರೂ ಬೇಸರಪಡುವುದಿಲ್ಲ. ಯಾಕೆಂದರೆ ತಮ್ಮ ಸರದಿ ಬರುತ್ತದೆ, ಎಲೆಗೆ ಬೀಳುವುದು ಎಲ್ಲರಿಗೂ ಒಂದೇ ಎಂಬ ನಂಬಿಕೆ ಇದೆ. ಗದ್ದಲದ ಒಳಗೆ ಒಂದು ನ್ಯಾಯ ಇದ್ದರೆ ಗದ್ದಲವೂ ಚಂದ ಕಾಣುತ್ತದೆ.

ಎಲ್ಲ ದೂರುಗಳಿಗೂ ನಾವೇ ಕಾರಣ ಎಂದು ನಾನು ಹೇಳುತ್ತಿಲ್ಲ. ಫುಟ್‌ಪಾತು, ಚರಂಡಿ, ಟ್ರಾಫಿಕ್, ಲಾಡ್ಜಿನ ಬಾಡಿಗೆ ನಮ್ಮ ಕೈಯಲ್ಲಿಲ್ಲ. ಆ ದೂರುಗಳು ನಿಜವಾದವು, ನಗೆಮುಖ ತೋರಿಸಿ ಮುಚ್ಚಿಹಾಕುವಂಥವಲ್ಲ. ಆದರೆ ರೈಲಿನಿಂದ ಇಳಿದವರು ಮೊದಲು ಹುಡುಕುವುದು ಏನನ್ನು? ಮುಖ ತೊಳೆಯಲು ನೀರು, ಶೌಚಾಲಯ, ಬಿಸಿ ಚಹಾ, ಕೂರಲು ಒಂದು ಕುರ್ಚಿ. ಈ ನಾಲ್ಕೂ ಇರುವುದು ನಮ್ಮ ಹೊಟೇಲುಗಳಲ್ಲಿ. ಗೇಟ್‌ವೇ 1924ರಿಂದ ನಿಂತಿದೆ, ವಿ.ಟಿ. ಕಟ್ಟಡಕ್ಕೆ 2004ರಲ್ಲಿ ಯುನೆಸ್ಕೊ ಮಾನ್ಯತೆ ಸಿಕ್ಕಿದೆ, ಅವನ್ನು ನೋಡಿ ಜನ ಬೆರಗಾಗುತ್ತಾರೆ. ಆದರೆ ಕಲ್ಲಿನ ಕಟ್ಟಡ "ಬನ್ನಿ, ಕೂತುಕೊಳ್ಳಿ" ಎನ್ನುವುದಿಲ್ಲ. ಅದನ್ನು ಹೇಳಬೇಕಾದವರು ನಾವು.

ನಮ್ಮವರ ಕಷ್ಟವೂ ನನಗೆ ಗೊತ್ತು. ಕಳೆದ ಸಲ ನಾಲ್ಕು ಜನ ಸ್ನೇಹಿತರ ಮುಂದೆ ಈ ವಿಷಯ ತೆಗೆದಾಗ ಒಬ್ಬರು ಹೇಳಿದರು: "ದಾರಿಹೋಕರಿಗೆಲ್ಲ ಶೌಚಾಲಯ ಬಿಟ್ಟರೆ ತೊಳೆಯುವವರು ಯಾರು? ಟ್ಯಾಂಕರ್ ನೀರಿನ ದುಡ್ಡು ಯಾರು ಕೊಡುತ್ತಾರೆ? ಒಂದು ಟೇಬಲಿನಲ್ಲಿ ಅರ್ಧ ಗಂಟೆ ಕೂರಿಸಿದರೆ ಬಾಡಿಗೆ ಹುಟ್ಟುತ್ತದೆಯೇ?" ಕೇಳಿದ್ದು ತಪ್ಪಲ್ಲ. ಅದಕ್ಕೆ ನನ್ನ ಲೆಕ್ಕವನ್ನೇ ಕೊಡುತ್ತೇನೆ. ನನ್ನದು 14 ಟೇಬಲಿನ ಹೊಟೇಲು, ಶೌಚಾಲಯ ಎರಡು. ಹುಬ್ಬಳ್ಳಿಯವರು ಬಂದುಹೋದ ಮರುವಾರ ಕೀಲಿಯ ಪದ್ಧತಿ ತೆಗೆದೆ. ದಿನಕ್ಕೆ ಎರಡು ಸಲ ಹೆಚ್ಚಿಗೆ ತೊಳೆಯಲು ಒಬ್ಬರನ್ನು ಇಟ್ಟೆ. ಅವರ ಸಂಬಳ, ಫಿನಾಯಿಲ್, ಸೋಪು, ನೀರು ಎಲ್ಲ ಸೇರಿ ತಿಂಗಳಿಗೆ ಸುಮಾರು ಒಂಬತ್ತು ಸಾವಿರ ರೂಪಾಯಿ ಹೆಚ್ಚು ಖರ್ಚು. ಇದರಿಂದ ವ್ಯಾಪಾರ ಏರಿತು ಎಂದು ಸುಳ್ಳು ಹೇಳಲಾರೆ. ಮುಳುಗಲಿಲ್ಲ ಎಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಶೌಚಾಲಯಕ್ಕೆಂದು ಬಂದವರಲ್ಲಿ ಕೆಲವರು ಚಹಾ ಕುಡಿಯುತ್ತಾರೆ, ಕೆಲವರು ಹಾಗೆಯೇ ಹೋಗುತ್ತಾರೆ. ಹೋಗಲಿ. ಎರಡು ಸಲ ಪೈಪ್ ಕಟ್ಟಿಕೊಂಡು ರಗಳೆಯೂ ಆಯಿತು. ಆದರೂ ಪುನಃ ಕೀಲಿ ಹಾಕಲಿಲ್ಲ.

ಇನ್ನೊಂದು ಕೆಲಸ ಮಾಡಿದ್ದೇನೆ, ಇದಕ್ಕೆ ಖರ್ಚು ಏನೂ ಇಲ್ಲ. ಒಂದು ಹಾಳೆಯಲ್ಲಿ ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಐದು ವಿಷಯ ಬರೆಸಿ ಗಲ್ಲಾದ ಪಕ್ಕ ಅಂಟಿಸಿದ್ದೇನೆ. ಎಲಿಫೆಂಟಾ ಗುಹೆ ಸೋಮವಾರ ಮುಚ್ಚಿರುತ್ತದೆ. ಕಪ್ಪು ಹಳದಿ ಟ್ಯಾಕ್ಸಿಯಲ್ಲಿ ಮೀಟರ್ ಹಾಕಿಸಿ ಹೋಗಬೇಕು, 2025ರ ಫೆಬ್ರವರಿಯಲ್ಲಿ ಕನಿಷ್ಠ ದರ 31 ರೂಪಾಯಿ ಎಂದು ನಿಗದಿಯಾಗಿದೆ. ಆಟೋ ಬಾಂದ್ರಾ ಮತ್ತು ಸಾಯನ್ ದಾಟಿ ಈಚೆ ಬರುವುದಿಲ್ಲ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ವಿ.ಟಿ., ಚರ್ಚ್‌ಗೇಟ್ ಕಡೆ ಬರುವ, ಸಂಜೆ ಐದರಿಂದ ಒಂಬತ್ತರವರೆಗೆ ಇಲ್ಲಿಂದ ಹೊರಡುವ ಲೋಕಲನ್ನು ಪೆಟ್ಟಿಗೆ, ಮಕ್ಕಳ ಜೊತೆ ಹತ್ತಬೇಡಿ. 2025ರ ಅಕ್ಟೋಬರಿನಲ್ಲಿ ನೆಲದಡಿಯ ಮೆಟ್ರೊ ಕಫ್ ಪರೇಡಿನವರೆಗೂ ಪೂರ್ತಿಯಾಗಿದೆ, ವಿಮಾನ ನಿಲ್ದಾಣಕ್ಕೂ ಸಿದ್ಧಿವಿನಾಯಕಕ್ಕೂ ಇಲ್ಲಿಂದಲೇ ಹೋಗಬಹುದು. ಇಷ್ಟೇ. ಇದನ್ನು ಓದಿ ಜನ ಫೋನಿನಲ್ಲಿ ಫೋಟೋ ಹೊಡೆದುಕೊಳ್ಳುತ್ತಾರೆ. ಈ ಹಾಳೆ ಆ ಸೋಮವಾರ ಇದ್ದಿದ್ದರೆ, ಮತ್ತು ಬೆಳಿಗ್ಗೆ ಸ್ಟೇಷನ್ನಿನಿಂದ ನೇರ ನಮ್ಮಲ್ಲಿಗೆ ಬಂದಿದ್ದರೆ, ಆ ಕುಟುಂಬಕ್ಕೆ ಒಂದು ದಿನವೂ ಐದುನೂರು ರೂಪಾಯಿಯೂ ಉಳಿಯುತ್ತಿತ್ತು.

ನಮ್ಮ ಹುಡುಗರಿಗೂ ಎರಡು ಮಾತು ಹೇಳಿಟ್ಟಿದ್ದೇನೆ. ಪೆಟ್ಟಿಗೆ ಇಟ್ಟುಕೊಂಡು ಬಂದವರಿಗೆ ಕೇಳುವ ಮೊದಲು ಬಿಲ್ ಇಡಬಾರದು. ದಾರಿ ಕೇಳಿದರೆ ಗೊತ್ತಿದ್ದರೆ ಹೇಳಬೇಕು, ಗೊತ್ತಿಲ್ಲದಿದ್ದರೆ ನನ್ನ ಹತ್ತಿರ ಕಳಿಸಬೇಕು. ಹುಡುಗರಲ್ಲಿ ಈಗ ನಮ್ಮೂರಿನವರು ಕಡಿಮೆ. ಹೆಚ್ಚಿನವರು ಬೇರೆ ರಾಜ್ಯದವರು, ಅವರೂ ಈ ಊರಿಗೆ ಹೊಸಬರು. ಅವರೊಡನೆ ನಾವು ಮಾತಾಡುವ ರೀತಿಯಲ್ಲೇ ಅವರು ಗಿರಾಕಿಯೊಡನೆ ಮಾತಾಡುತ್ತಾರೆ ಎಂಬುದನ್ನು ನಾನು ತಡವಾಗಿ ಕಲಿತೆ.

ನಮ್ಮ ಸಂಘಕ್ಕೆ ನನ್ನ ವಿನಂತಿ ಒಂದೇ. ಸ್ಟೇಷನ್, ಬಸ್ ನಿಲ್ದಾಣ, ದೇವಸ್ಥಾನ, ಸಮುದ್ರತೀರದ ಹತ್ತಿರ ಇರುವ ಸದಸ್ಯರಾದರೂ ಹೆಂಗಸರು, ಮಕ್ಕಳು, ವಯಸ್ಸಾದವರಿಗೆ ಆರ್ಡರ್ ಕೇಳದೆ ಶೌಚಾಲಯ ಮತ್ತು ಕುಡಿಯುವ ನೀರು ಕೊಡುವಂತಾಗಬೇಕು. ಬಾಗಿಲಲ್ಲಿ ಹಾಗೆಂದು ಒಂದು ಚಿಕ್ಕ ಬೋರ್ಡ್ ಇರಲಿ. ಮುಂದಿನ ಸಭೆಯಲ್ಲಿ ಇದು ಚರ್ಚೆಗೆ ಬರಲಿ, ಬೇಡ ಎನ್ನುವವರ ಲೆಕ್ಕವನ್ನೂ ಕೇಳೋಣ.

ನಾನು ಹದಿನಾರನೇ ವಯಸ್ಸಿನಲ್ಲಿ ಕುಂದಾಪುರದಿಂದ ಬಸ್ಸಿನಲ್ಲಿ ಬಂದಿಳಿದಾಗ ಕೈಯಲ್ಲಿದ್ದ ಚೀಟಿಯ ವಿಳಾಸ ಮಳೆಗೆ ಅಳಿಸಿಹೋಗಿತ್ತು. ಗುರುತಿಲ್ಲದ ಒಬ್ಬ ಹೊಟೇಲಿನವರು ಒಳಗೆ ಕರೆದು, ಚಹಾ ಕೊಟ್ಟು, ಎರಡು ದಿನ ಅಲ್ಲೇ ಮಲಗಲು ಹೇಳಿದರು. ಆರ್ಡರ್ ಕೊಡು ಎನ್ನಲಿಲ್ಲ. ನಮ್ಮಲ್ಲಿ ಅನೇಕರ ಕಥೆ ಹೀಗೆಯೇ ಶುರುವಾದದ್ದು. ಯಾರೋ ಸರಿದು ಕುಳಿತು ಕೊಟ್ಟ ನಾಲ್ಕನೇ ಸೀಟಿನಲ್ಲಿ ನಾವು ಕುಳಿತಿದ್ದೇವೆ.

ಹುಬ್ಬಳ್ಳಿಯ ಆ ತಾಯಿಯ ಹೆಸರು, ವಿಳಾಸ ನನಗೆ ಗೊತ್ತಿಲ್ಲ. ಕ್ಷಮೆ ಕೇಳಲು ದಾರಿಯಿಲ್ಲ. ಈ ಪತ್ರಿಕೆ ಅವರ ಕೈಗೆ ಸಿಗಲಿಕ್ಕೂ ಇಲ್ಲ. ಅದಕ್ಕಾಗಿ ನಿಮ್ಮ ಮುಂದೆ ಹೇಳಿಕೊಂಡಿದ್ದೇನೆ.