ಅಗಳಿ, ಹೂವು ಮತ್ತು ಮಸಿಬಟ್ಟೆ

ಈ ಸಲ ದೀಪಾವಳಿಗೆ ಊರಿಗೆ ಹೋದಾಗ ಮನೇಲೊಂದು ಸಣ್ಣ ಜಗಳ ನಡೀತು. ನಮ್ಮಮ್ಮನಿಗೂ ಅಕ್ಕನ ಮಗನಿಗೂ. ಅವನು ತನ್ನ ಹಳೇ ಸ್ಮಾರ್ಟ್‌ಫೋನನ್ನ ಅಮ್ಮನ ಕೈಲಿಟ್ಟು, "ಆ ಗುಂಡಿ ಫೋನು ಬಿಸಾಕು ಅಜ್ಜಿ, ಇನ್ಮೇಲೆ ಇದನ್ನ ಇಟ್ಕೋ" ಅಂದ. ಅಮ್ಮ ಕನ್ನಡಕ ಸಿಗಿಸಿಕೊಂಡು, ಪರದೆ ಮೇಲಿನ ಒಂದು ಗುರುತು ತೋರಿಸಿ ಕೇಳಿದ್ಲು, "ಇದಕ್ಕೆ ಏನಂತ ಹೆಸರು?"

"ಹೆಸರೆಲ್ಲಾ ಏನಿಲ್ಲ ಅಜ್ಜಿ. ಒತ್ತಿದ್ರೆ ಓಪನ್ ಆಗ್ತದೆ ಅಷ್ಟೆ. ಎಲ್ಲಾ ತನ್ನಷ್ಟಕ್ಕೇ ಗೊತ್ತಾಗ್ತದೆ."

"ಹೆಸರೇ ಇಲ್ಲದ್ದನ್ನ ನಾನು ಹ್ಯಾಂಗೆ ನೆನಪಿಟ್ಕೊಳ್ಳಲಿ ಮಾರಾಯ?"

ಅವನು ನಕ್ಕ. ನನಗೆ ನಗು ಬರಲಿಲ್ಲ. ಯಾಕಂದ್ರೆ ಹಿಂದೊಮ್ಮೆ ನಾನೂ ಹೀಗೇ ನಕ್ಕಿದ್ದೆ, ಅದಕ್ಕೆ ನಮ್ಮನೆಯವರು ದಂಡ ಕಟ್ಟಿದ್ದರು. ಆ ಕಥೆ ಹೇಳ್ತೀನಿ, ಆಮೇಲೆ ನನ್ನ ವಾದ.

2006ರ ಮಾತು. ಬೆಂಗಳೂರಲ್ಲಿ ಕೆಲಸ ಸಿಕ್ಕಿ ಒಂದು ವರ್ಷ ಆಗಿತ್ತು. ಮನೆಗೊಂದು ಮೊಬೈಲ್ ತೆಗೆದುಕೊಂಡು ಹೋದೆ. ಬಣ್ಣದ ಪರದೆ ಇಲ್ಲ, ಕ್ಯಾಮೆರಾ ಇಲ್ಲ, ಕನ್ನಡವಂತೂ ಇಲ್ಲವೇ ಇಲ್ಲ. ಅಪ್ಪ "ನಂಗ್ಯಾಕೋ ಅದು" ಅಂತ ತೋಟಕ್ಕೆ ನಡೆದರು. ಅಮ್ಮ ಮಾತ್ರ ಆಸೆಯಿಂದ ಕೂತಳು. ನಾನು ಪರದೆ ಕೆಳಗಿದ್ದ ದೊಡ್ಡ ಗುಂಡಿ ತೋರಿಸಿ, "ರಿಂಗ್ ಆದಾಗ ಇದನ್ನ ಒತ್ತು, ಮಾತಾಡು. ನಿಂಗೆ ಇಷ್ಟು ಸಾಕು" ಅಂದೆ. "ನಾನೇ ಮಾಡ್ಬೇಕಾದ್ರೆ?" ಅಂತ ಕೇಳಿದ್ಲು. "ನೀನ್ಯಾಕೆ ಮಾಡ್ತೀಯ, ನಾನೇ ದಿನಾ ಮಾಡ್ತೀನಲ್ಲ. ಅದೆಲ್ಲಾ ನಿಂಗೆ ಗೊತ್ತಾಗಲ್ಲ ಬಿಡು" ಅಂತ ನಕ್ಕೆ. ಪಾಠ ಎರಡು ನಿಮಿಷದಲ್ಲಿ ಮುಗೀತು. ಅಂಗಳದ ಮೂಲೇಲಿ ಮಾತ್ರ ಸಿಗ್ನಲ್ ಸಿಗ್ತಿತ್ತು. ಅಲ್ಲೊಂದು ಮೊಳೆ ಹೊಡೆದು, ಬಟ್ಟೆ ಚೀಲದಲ್ಲಿ ಫೋನು ತೂಗುಹಾಕಿ ಬಸ್ಸು ಹತ್ತಿದೆ.

ಆ ವರ್ಷದ ಆಷಾಢದಲ್ಲಿ ಅಪ್ಪ ತೋಟದ ಸಂಕದ ಮೇಲೆ ಜಾರಿ ಬಿದ್ದು ತೊಡೆ ಮೂಳೆ ಮುರಿದುಕೊಂಡರು. ಮಳೆ ಅಂದ್ರೆ ಮಳೆ. ಮರ ಬಿದ್ದು ಲ್ಯಾಂಡ್‌ಲೈನಿನ ತಂತಿ ಹರಿದು ನಾಲ್ಕು ದಿನ ಆಗಿತ್ತು. ಅಮ್ಮ ಓಡಿಬಂದು ಮೊಬೈಲ್ ಕೈಗೆತ್ತಿಕೊಂಡಳು. ನನ್ನ ನಂಬರು ಬಾಯಿಪಾಠ ಇತ್ತು ಅವಳಿಗೆ. ಅಂಕಿ ಒತ್ತಿದರೆ ಅಂಕಿ ಮೂಡ್ತಿಲ್ಲ. ಪ್ರತಿ ಸಲವೂ ಇಂಗ್ಲಿಷಿನಲ್ಲಿ ಏನೋ ಒಂದು ಸಾಲು ಬಂದು ಮಾಯ ಆಗ್ತದೆ. ಮೊದಲು 'ಅನ್‌ಲಾಕ್', ಆಮೇಲೆ ನಕ್ಷತ್ರದ ಗುಂಡಿ ಒತ್ತು ಅಂತ ಫೋನು ಹೇಳ್ತಾ ಇತ್ತು, ಪಾಪ. ಮೂಲೆಯಲ್ಲಿ ಬೀಗದಕೈ ಚಿತ್ರವೂ ಇತ್ತು. ಹೇಳ್ತಿದ್ದದ್ದು ಅಮ್ಮನಿಗೆ ಬರದ ಭಾಷೇಲಿ.

ಕೀಲಿ ಹಾಕಿದ್ದರೂ ಬರೋ ಕರೆ ತೆಗೆದುಕೊಳ್ಳಬಹುದು, ಹೊರಗೆ ಮಾಡಲಿಕ್ಕೆ ಆಗಲ್ಲ. ನಾನು ಕಲಿಸಿದ್ದು ಕರೆ ತೆಗೆದುಕೊಳ್ಳೋದನ್ನ ಮಾತ್ರ. ಹಾಗಾಗಿ ನಾಲ್ಕು ತಿಂಗಳು ಎಲ್ಲಾ ಸರಿಯಾಗೇ ಇದೆ ಅಂತ ನಾವಿಬ್ಬರೂ ನಂಬಿದ್ದೆವು.

ಅಮ್ಮ ಫೋನನ್ನ ಅಲ್ಲೇ ಬಿಟ್ಟು ಆ ಮಳೇಲಿ ಒಂದು ಮೈಲಿ ನಡೆದು ಪಕ್ಕದ ಮನೆ ಮುಟ್ಟಿದ್ಲು. ಜೀಪು ಬರೋ ಹೊತ್ತಿಗೆ ಎರಡು ತಾಸು ಕಳೆದಿತ್ತು. ಅಷ್ಟೂ ಹೊತ್ತು ಅಪ್ಪ ಸಂಕದ ಬುಡದಲ್ಲಿ ಕಂಬಳಿ ಹೊದ್ದು ಮಲಗಿದ್ದರು. ಕಾಲು ಕೂಡಿತು. ಆದ್ರೆ ಆಮೇಲೆ ಅಪ್ಪ ಕೋಲಿಲ್ಲದೆ ತೋಟಕ್ಕೆ ಇಳಿಯಲಿಲ್ಲ. ಎರಡು ತಾಸು ಮುಂಚೆ ಬಂದಿದ್ದರೆ ಕೋಲು ಬೇಕಾಗ್ತಿರಲಿಲ್ಲವೋ ಏನೋ, ನನಗೆ ಗೊತ್ತಿಲ್ಲ. ಅವತ್ತು ಅಮ್ಮ ಬೈಯಲಿಲ್ಲ. ಆಸ್ಪತ್ರೆ ಜಗಲೀಲಿ ಕೂತು ಇಷ್ಟೇ ಹೇಳಿದ್ಲು: "ನಂಗೆ ಎಷ್ಟು ಸಾಕು ಅಂತ ನೀನು ಹೇಳೂದಲ್ಲ. ಪೂರ್ತಿ ಕಲಿಸು."

ಹತ್ತು ದಿನ ರಜೆ ಹಾಕಿ ಊರಲ್ಲೇ ಇದ್ದೆ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಪಾಠ. ಮೊದಲ ದಿನವೇ ಅಮ್ಮ ಒಂದು ಕಾನೂನು ಮಾಡಿದ್ಲು, "ನೀನು ಫೋನು ಮುಟ್ಟೂ ಹಾಂಗಿಲ್ಲ. ಬಾಯಲ್ಲಿ ಹೇಳು." ನೀವೂ ಒಮ್ಮೆ ಪ್ರಯತ್ನಿಸಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗ್ತದೆ! ನಾವು ಕಲಿಸೋದು ಅಂದ್ರೆ ಫೋನು ಕಿತ್ತುಕೊಂಡು ಪಟಪಟ ಅಂತ ನಾಲ್ಕು ಗುಂಡಿ ಒತ್ತಿ, "ಹೀಗೆ, ಗೊತ್ತಾಯ್ತಾ?" ಅನ್ನೋದು. ಗೊತ್ತಾಗೋದು ನಮ್ಮ ಬೆರಳಿಗೆ, ಅವರ ಬೆರಳಿಗಲ್ಲ.

ಎರಡನೇ ದಿನ ಹಾಲಿನ ಲೆಕ್ಕದ ಪುಸ್ತಕ ತಂದ್ಲು. ಅದರ ಹಿಂಬದಿ ಪುಟದಲ್ಲಿ ಪೆನ್ಸಿಲಿನಿಂದ ಒಂದೊಂದೇ ಗುರುತು ಬರೆದು, ಪಕ್ಕದಲ್ಲಿ ತನ್ನದೇ ಹೆಸರು ಇಡ್ತಾ ಹೋದ್ಲು. ಬೀಗದಕೈ ಚಿತ್ರಕ್ಕೆ 'ಅಗಳಿ'. ನಕ್ಷತ್ರದ ಗುಂಡಿಗೆ 'ಹೂವು'. ಅದರ ಆಚೆ ಕಡೆ ಇರೋ ಅಡ್ಡಗೆರೆ ಉದ್ದಗೆರೆ ಗುಂಡಿಗೆ 'ಕಿಟಕಿ'. ತಪ್ಪು ಅಂಕಿ ಅಳಿಸೋ 'ಸಿ' ಗುಂಡಿಗೆ 'ಮಸಿಬಟ್ಟೆ'. ಲಕೋಟೆ ಚಿತ್ರಕ್ಕೆ 'ಕಾಗದ ಬಂತು'. ಅಗಳಿ ತೆಗೀಬೇಕಾದ್ರೆ ದೊಡ್ಡ ಗುಂಡಿ, ಹೂವು. ಇದನ್ನ ಒಂದು ಸಲ ಹೇಳಿದ್ದು, ಮತ್ತೆ ಹೇಳಬೇಕಾಗಲಿಲ್ಲ.

ಪರದೆ ಎಡಗಡೆ ಒಂದು ಏಣಿ, ಬಲಗಡೆ ಒಂದು ಏಣಿ ಇತ್ತು, ನೆನಪಿರಬಹುದು ನಿಮಗೆ. ಯಾವುದು ಸಿಗ್ನಲ್, ಯಾವುದು ಬ್ಯಾಟರಿ ಅಂತ ನಾನು ತಂತ್ರಜ್ಞಾನ ಎಲ್ಲಾ ವಿವರಿಸಿ ಹೇಳಿದೆ. ಅಮ್ಮ ಎರಡು ದಿನ ನೋಡಿ ಬರೆದುಕೊಂಡದ್ದು ಇಷ್ಟು: "ಎಡಗಡೇದು ಅಂಗಳಕ್ಕೆ ಹೋದ್ರೆ ಏರ್ತದೆ. ಬಲಗಡೇದು ಕರೆಂಟ್ ಬಂದ್ರೆ ಏರ್ತದೆ." ಇದಕ್ಕಿಂತ ಚೆನ್ನಾದ ಕೈಪಿಡಿ ನಾನು ಇದುವರೆಗೂ ಓದಿಲ್ಲ.

ಇನ್ನೊಂದು ದಿನ ಕರೆಂಟ್ ಹೋಗಿತ್ತು. ಕತ್ತಲಲ್ಲೇ ಗುಂಡಿ ಸವರ್ತಾ ಅಮ್ಮ ಅಂದ್ಲು, "ಐದರ ಮೇಲೊಂದು ಸಣ್ಣ ಗುಳ್ಳೆ ಉಂಟಲ್ಲ!" ಅಷ್ಟು ವರ್ಷ ಮೊಬೈಲ್ ಬಳಸಿದ ನನಗೆ ಅದು ಗೊತ್ತೇ ಇರಲಿಲ್ಲ. ಕಣ್ಣಿಲ್ಲದೆಯೂ ನಡುವಿನ ಗುಂಡಿ ಸಿಗಲಿ, ಅಲ್ಲಿಂದ ಉಳಿದ ಅಂಕಿಗಳ ದಾರಿ ಹಿಡೀಲಿ ಅಂತ ಇಟ್ಟಿರೋ ಗುರುತು ಅದು. 2ನ್ನ ಒತ್ತಿ ಹಿಡಿದ್ರೆ ನಾನು, 3ಕ್ಕೆ ಅಕ್ಕ, 4ಕ್ಕೆ ಜೀಪಿನವರು ಅಂತ ಮಾಡಿಕೊಟ್ಟೆ. ಹತ್ತನೇ ದಿನ ಬೆಂಗಳೂರಿನ ಬಸ್ಸಲ್ಲಿ ಕೂತಿದ್ದೆ. ಶಿವಮೊಗ್ಗ ದಾಟಿದ ಮೇಲೆ ಫೋನು ಬಂತು. "ನಾನೇ ಮಾಡಿದ್ದು" ಅಂದ್ಲು ಅಮ್ಮ. ಮುಂದೆ ಇಬ್ಬರಿಗೂ ಮಾತು ಹೊರಡಲಿಲ್ಲ.

ಈಗ ನನ್ನ ವಾದಕ್ಕೆ ಬರ್ತೀನಿ.

ಚಿತ್ರಕ್ಕೆ ಭಾಷೆ ಬೇಡ, ಐಕಾನು ನೋಡಿದ್ರೆ ಯಾರಿಗಾದ್ರೂ ಅರ್ಥ ಆಗ್ತದೆ ಅಂತಾರಲ್ಲ, ಅದು ಶುದ್ಧ ಸುಳ್ಳು. ದೀಪಾವಳಿ ದಿನ ಅಕ್ಕನ ಮಗನಿಗೇ ಕೇಳಿದೆ, "ಕರೆ ಮಾಡೋ ಗುರುತು ಇದೆಯಲ್ಲ ಹಸಿರಿಂದು, ಅದು ಯಾವ ವಸ್ತುವಿನ ಚಿತ್ರ?" ಅವನು ಯೋಚಿಸಿ, "ಏನೋ ಬಾಳೆಹಣ್ಣಿನ ಥರ ಇದೆ ಮಾಮ" ಅಂದ. ಅಮ್ಮನಿಗೆ ಆಗ ನಗೋ ಸರದಿ. "ರಿಸೀವರ್ ಕಣೋ ಅದು!" ಅವನು ರಿಸೀವರ್ ಎತ್ತಿ ಮಾತಾಡಿದವನೇ ಅಲ್ಲ. ಅವನಿಗೆ ಅದು 'ತನ್ನಷ್ಟಕ್ಕೇ' ಗೊತ್ತಾಗಿದ್ದಲ್ಲ, ಯಾರನ್ನೋ ನೋಡಿ ಕಲಿತಿದ್ದು. ಕಲಿತಿದ್ದು ಮರೆತುಹೋಗಿದೆ, ಅಷ್ಟೆ. ನಾವು ಯಾವಾಗ ಕಲಿತೆವು ಅಂತ ನಮಗೆ ನೆನಪಿಲ್ಲದ್ದನ್ನೆಲ್ಲಾ ಸುಲಭ ಅಂದುಬಿಡ್ತೀವಿ. ಹೂವು, ಕಿಟಕಿ ಗುಂಡಿಗಳೂ ಹುಟ್ಟಿನಿಂದ ಬಂದಿದ್ದಲ್ಲ. 1963ರಲ್ಲಿ ಅಮೆರಿಕದಲ್ಲಿ ಗುಂಡಿ ಒತ್ತೋ ಟೆಲಿಫೋನು ಬಂದಾಗ ಇದ್ದದ್ದು ಹತ್ತೇ ಗುಂಡಿ. ಈ ಎರಡು ಸೇರಿದ್ದು 1968ರಲ್ಲಿ. ಅಂದ್ರೆ ಅಲ್ಲಿನವರೂ ಅವಕ್ಕೆ ಹೆಸರು ಇಟ್ಟುಕೊಂಡೇ ಕಲಿತದ್ದು.

ನಮ್ಮಮ್ಮ ಅನಕ್ಷರಸ್ಥೆ ಅಲ್ಲ. ಮನೆಗೆ ಬಂದ ವಾರಪತ್ರಿಕೆಯನ್ನ ಕೊನೇ ಪುಟದ ತನಕ ಓದಿ, ಅಚ್ಚಿನ ತಪ್ಪು ಹುಡುಕೋ ಹೆಂಗಸು. ಅಂಥವಳನ್ನ ಒಂದು ಮುಷ್ಟಿ ಗಾತ್ರದ ಯಂತ್ರ ಒಂದೇ ದಿನದಲ್ಲಿ ಅನಕ್ಷರಸ್ಥೆ ಮಾಡಿಬಿಡ್ತು. ಕನ್ನಡ ಬ್ಲಾಗ್ ಬರೆಯೋ ನಮಗೆ ಇದು ಬೇಗ ಅರ್ಥ ಆಗಬೇಕು. ಶುರುವಿನ ದಿನಗಳಲ್ಲಿ ನಾವು ಬರೆದ ಕನ್ನಡ ಎಷ್ಟೋ ಕಂಪ್ಯೂಟರುಗಳಲ್ಲಿ ಸಾಲುಸಾಲು ಡಬ್ಬಿಗಳಾಗಿ ಕಾಣ್ತಿರಲಿಲ್ವಾ? ನಮ್ಮದೇ ಭಾಷೆ, ನಾವೇ ಬರೆದಿದ್ದು, ಆದ್ರೂ ಓದಲಿಕ್ಕಾಗದೆ ಆ ಡಬ್ಬಿಗಳ ಮುಂದೆ ಕೂತಾಗ ಆಗ್ತಿದ್ದ ಸಿಟ್ಟು ನೆನಪು ಮಾಡಿಕೊಳ್ಳಿ. ಕೀಲಿ ಬಿದ್ದ ಫೋನಿನ ಮುಂದೆ ಅಮ್ಮ ಕಂಡದ್ದೂ ಅಂಥದ್ದೇ. ನಾವು ಫಾಂಟು ಹಾಕಿಕೊಂಡು ಪಾರಾದೆವು. ಅಮ್ಮಂದಿರಿಗೆ ಫಾಂಟು ಹಾಕಿಕೊಟ್ಟವರು ಯಾರು?

ಕನ್ನಡದ ಮೆನು ಬಂದ್ರೆ ಎಲ್ಲಾ ಸರಿಹೋಗ್ತದೆ ಅಂತ ಒಂದು ಕಾಲದಲ್ಲಿ ನಾನೂ ವಾದ ಮಾಡ್ತಿದ್ದೆ. 2016ರಲ್ಲಿ ಕೇಂದ್ರ ಸರ್ಕಾರ ಮೊಬೈಲುಗಳಿಗೆ ಐಎಸ್ 16333 ಅನ್ನೋ ಮಾನಕ ತಂತು. ಪರಿಚ್ಛೇದದ 22 ಭಾಷೆಗಳನ್ನೂ ಫೋನಿನಲ್ಲಿ ಓದಲಿಕ್ಕೆ ಬರಬೇಕು ಅಂತ. ತುಂಬಾ ಒಳ್ಳೇ ಕೆಲಸ, ಬೇಡ ಅನ್ನಲ್ಲ. ಈಗ ಅಮ್ಮನ ಗುಂಡಿ ಫೋನಿನಲ್ಲಿ ಕನ್ನಡ ಇದೆ. ಆದ್ರೆ ಅದರಲ್ಲಿರೋ ಅರ್ಧ ಪದ ಅಡುಗೆಮನೇಲೂ ಇಲ್ಲ, ಅಂಗಳದಲ್ಲೂ ಇಲ್ಲ. ಅಮ್ಮ ಅದನ್ನ ಓದ್ತಾಳೆ, ಓದಿ ಮತ್ತೆ 'ಅಗಳಿ' ಅಂತಲೇ ಅಂತಾಳೆ. ಅಕ್ಷರ ಕನ್ನಡದ್ದಾದರೆ ಅರ್ಧ ದಾರಿ ಸಾಗಿತು. ಹೆಸರು ಅವಳ ಬಾಯಿಗೆ ಒಗ್ಗಿದರೆ ಪೂರ್ತಿ.

ಕಲಿಸೋದನ್ನ ನಾವು ಎಷ್ಟು ಹಗುರ ಮಾಡಿದ್ದೀವಿ ಅನ್ನೋದಕ್ಕೆ ಒಂದು ಉದಾಹರಣೆ. 2016ರ ನಿಯಮದ ಪ್ರಕಾರ, 2017ರ ಜನವರಿ 1ರಿಂದ ದೇಶದಲ್ಲಿ ಮಾರೋ ಸಾದಾ ಫೋನುಗಳಲ್ಲಿ 5 ಅಥವಾ 9ರ ಗುಂಡಿ ಒತ್ತಿ ಹಿಡಿದ್ರೆ ತುರ್ತು ಕರೆ ಹೋಗಬೇಕು. ನಿಮ್ಮ ಮನೇಲಿ ಗುಂಡಿ ಫೋನು ಹಿಡಿದಿರೋ ಹಿರಿಯರಿಗೆ ಇದನ್ನ ಯಾರಾದ್ರೂ ಹೇಳಿದ್ದಾರಾ? ಅಂಗಡಿಯವರು ಹೇಳಿದ್ರಾ? ನೀವು ಹೇಳಿದ್ರಾ? ನಾನಂತೂ ತುಂಬಾ ತಡವಾಗಿ ತಿಳಿದುಕೊಂಡೆ. ಗುಳ್ಳೆ ಇರೋ ಆ ಐದರ ಗುಂಡಿ ಜೀವ ಉಳಿಸಬಹುದು. (ಪರೀಕ್ಷೆ ಮಾಡಲಿಕ್ಕೆ ಅಂತ ಸುಮ್ಮನೆ ಒತ್ತಬೇಡಿ ಮತ್ತೆ, ನಿಜಕ್ಕೂ ಕರೆ ಹೋಗ್ತದೆ!) ಸೌಲಭ್ಯ ಕೊಟ್ಟು ಅದರ ಹೆಸರು ಹೇಳದೇ ಇದ್ದರೆ, ಅವತ್ತು ನಾನು ಬಟ್ಟೆ ಚೀಲದಲ್ಲಿ ಫೋನು ತೂಗುಹಾಕಿ ಬಸ್ಸು ಹತ್ತಿದ ಹಾಗೇ.

ಹಾಗಾದ್ರೆ ಹಿರಿಯರಿಗೆ ಸ್ಮಾರ್ಟ್‌ಫೋನು ಬೇಡ, ಗುಂಡಿ ಫೋನೇ ಸಾಕು ಅಂತೀಯಾ ಅಂತ ಕೇಳಬಹುದು. ಇಲ್ಲ. 'ಸಾಕು' ಅನ್ನೋ ಮಾತನ್ನ ನಾನು ಬಿಟ್ಟು ಬಹಳ ವರ್ಷ ಆಯ್ತು. ಯಾವ ಫೋನು ಬೇಕು ಅನ್ನೋದು ಅವರ ಇಷ್ಟ. ನನ್ನ ಮಾತು ಇಷ್ಟೇ: ಕಲಿಸುವಾಗ ಫೋನು ಅವರ ಕೈಲೇ ಇರಲಿ. ಗುರುತಿಗೆ ಹೆಸರು ಅವರೇ ಇಡಲಿ, ಆ ಹೆಸರು ನಾವು ಕಲಿಯೋಣ. ಕರೆ ತೆಗೆದುಕೊಳ್ಳೋದಕ್ಕಿಂತ ಮೊದಲು ಕರೆ ಮಾಡೋದನ್ನ ಹೇಳಿಕೊಡೋಣ. ನಮ್ಮ ಅನುಕೂಲಕ್ಕೆ ಅವರು ಸಿಗೋದು ಮುಖ್ಯ ಅಲ್ಲ, ಅವರ ಕಷ್ಟಕ್ಕೆ ನಾವು ಸಿಗೋದು ಮುಖ್ಯ.

ದೀಪಾವಳಿ ಜಗಳ ಏನಾಯ್ತು ಅಂದ್ರಾ? ಅಮ್ಮ ಆ ಸ್ಮಾರ್ಟ್‌ಫೋನು ವಾಪಸ್ ಕೊಡಲಿಲ್ಲ. ಪಾಡ್ಯದ ಸಂಜೆ ಹೊಸದೊಂದು ನೋಟ್‌ಬುಕ್ ತೆಗೆದು, ಮೊಮ್ಮಗನನ್ನ ಎದುರಿಗೆ ಕೂರಿಸಿಕೊಂಡು, "ನೀನು ಮುಟ್ಟೂ ಹಾಂಗಿಲ್ಲ, ಬಾಯಲ್ಲಿ ಹೇಳು" ಅಂದ್ಲು. ಅವನ ಬೆರಳುಗಳ ಒದ್ದಾಟ ನೋಡಬೇಕಿತ್ತು! ನಾನು ಹೊರಡೋ ಹೊತ್ತಿಗೆ ಮೂರು ಗುರುತಿಗೆ ಹೆಸರು ಬಿದ್ದಿತ್ತು. ವೈಫೈ ಗುರುತಿಗೆ 'ಬೀಸಣಿಗೆ'. ಇನ್ನೆರಡು ಮುಂದಿನ ಸಲ ಹೇಳ್ತೀನಿ.

ನಿಮ್ಮ ಮನೆ ಅಮ್ಮ, ಅಜ್ಜಿ, ಅಪ್ಪಂದಿರು ಫೋನಿನ ಗುರುತುಗಳಿಗೆ ಏನಂತ ಹೆಸರು ಇಟ್ಟಿದ್ದಾರೆ? ಕೇಳಿ, ಬರೀರಿ. ಇನ್ನೂ ಇಟ್ಟಿಲ್ಲ ಅಂದ್ರೆ ಇವತ್ತು ಸಂಜೆ ಅವರ ಪಕ್ಕ ಒಂದರ್ಧ ಗಂಟೆ ಕೂರಿ. ಕೈ ಕಟ್ಟಿಕೊಂಡು.